ವೈಮಾರ್ ಗಣರಾಜ್ಯದ ಪತನ: ಪ್ರೌಢ ತರಗತಿಗಳಿಗೆ ಒಂದು ಕಾರಣವಿಚಾರ

ಕನ್ನಡಿಗರಿಗೆ ಜರ್ಮನಿಯ ಹೆಸರು ಅಪರಿಚಿತವಲ್ಲ. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವರೂ ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿಸಿ ನಮ್ಮ ಕೈಗಿತ್ತ ಫರ್ಡಿನೆಂಡ್ ಕಿಟೆಲ್ ಅವರೂ ಆ ನಾಡಿನಿಂದ ಬಂದವರೇ. ಅಂಥ ವಿದ್ವಾಂಸರನ್ನು ಹೆತ್ತ ನಾಡು, ಸಂಗೀತ, ತತ್ತ್ವಶಾಸ್ತ್ರ, ವಿಜ್ಞಾನಗಳಲ್ಲಿ ಜಗತ್ತಿಗೆ ಮೇಲ್ಪಂಕ್ತಿಯಾಗಿದ್ದ ನಾಡು, ೧೯೩೩ರಲ್ಲಿ ತನ್ನ ಸ್ವಾತಂತ್ರ್ಯವನ್ನು ಒಬ್ಬ ಸರ್ವಾಧಿಕಾರಿಯ ಕೈಗೆ ಒಪ್ಪಿಸಿದ್ದು ಹೇಗೆ? ಈ ಪ್ರಶ್ನೆಯನ್ನು ಪ್ರೌಢ ತರಗತಿಯ ವಿದ್ಯಾರ್ಥಿಗಳ ಮುಂದೆ ಇಡಬೇಕಾದ ಬಗೆ ಯಾವುದೆಂಬುದೇ ಪ್ರಸ್ತುತ ಲೇಖನದ ವಿಷಯ.

ಕನ್ನಡ ಪಂಡಿತನಾದವನು ಜರ್ಮನಿಯ ಇತಿಹಾಸಕ್ಕೆ ಕೈ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇತಿಹಾಸದ ಓದು ಕಡೆಗೂ ಶಬ್ದಗಳ ಓದು, ಕಾರಣಗಳ ವಿವೇಚನೆ. ಇವೆರಡಕ್ಕೂ ನಮ್ಮ ಶಾಸ್ತ್ರಪರಂಪರೆಯಲ್ಲಿ ನುರಿತ ಉಪಕರಣಗಳುಂಟು. ಅವನ್ನು ಈ ಪಾಠಕ್ಕೆ ಪ್ರಯೋಗಿಸಿ ನೋಡುವುದರಲ್ಲಿ ತಪ್ಪಿಲ್ಲವೆಂದು ನನ್ನ ನಂಬಿಕೆ. ಇಂಗ್ಲೆಂಡಿನ ಎ-ಲೆವೆಲ್ ತರಗತಿಗಳಲ್ಲಿಯೂ ಜರ್ಮನಿಯ ಮೇಲ್ತರಗತಿಗಳಲ್ಲಿಯೂ ಈ ಕಾಲಖಂಡವನ್ನು ತಿಂಗಳುಗಟ್ಟಲೆ ಓದಿಸುವರು. ಅಂದಿನ ಮೂಲಲೇಖಗಳನ್ನೂ ಇತಿಹಾಸಕಾರರ ಪರಸ್ಪರ ವಿರುದ್ಧವಾದ ವ್ಯಾಖ್ಯಾನಗಳನ್ನೂ ವಿದ್ಯಾರ್ಥಿಯ ಮುಂದಿಟ್ಟು ತೂಗಿ ನೋಡೆನ್ನುವರು. ನಮ್ಮಲ್ಲಿ ಇದೇ ವಿಷಯ ಹಲವೆಡೆ ನಾಲ್ಕಾರು ಪುಟಗಳಲ್ಲಿ, ಐದಾರು ಅಂಶಗಳ ಪಟ್ಟಿಯಲ್ಲಿ ಮುಗಿದುಹೋಗುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಿದ ಹುಡುಗ ಅಂಕಗಳನ್ನು ಗಳಿಸಬಹುದು. ಆದರೆ ಒಂದು ಗಣರಾಜ್ಯ ಹೇಗೆ ಬೀಳುತ್ತದೆಂಬುದನ್ನು ತಿಳಿದುಕೊಂಡಂತಾಗಲಿಲ್ಲ. ಪದವಿಪೂರ್ವ ತರಗತಿಯ ನಮ್ಮ ಮಕ್ಕಳು ಒಂದೆರಡು ವರ್ಷಗಳಲ್ಲಿ ಮತದಾರರಾಗುವವರು ಎಂಬುದನ್ನು ನೆನೆದರೆ ಈ ಕೊರತೆ ಸಣ್ಣದಲ್ಲ.

೧. ಕಾಲಕ್ರಮ

ಮೊದಲು ಕಾಲಕ್ರಮ ಸ್ಪಷ್ಟವಾಗಬೇಕು. ೧೯೧೮ರ ನವೆಂಬರ್ ೯ರಂದು ಚಕ್ರವರ್ತಿ ಎರಡನೆಯ ವಿಲ್ಹೆಲ್ಮನ ಪದತ್ಯಾಗದ ಪ್ರಕಟಣೆ ಹೊರಬಿದ್ದಿತು. ಅದೇ ದಿನ ಬರ್ಲಿನ್ನಿನಲ್ಲಿ ಗಣರಾಜ್ಯದ ಘೋಷಣೆಯಾಯಿತು. ಎರಡು ದಿನಗಳ ತರುವಾಯ ಯುದ್ಧವಿರಾಮವಾಯಿತು. ೧೯೧೯ರ ಜನವರಿಯ ಚುನಾವಣೆಯಲ್ಲಿ ಇಪ್ಪತ್ತು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರೂ ಮತ ಕೊಟ್ಟರು. ಆ ನಾಡಿನ ಸ್ತ್ರೀಯರಿಗೆ ರಾಷ್ಟ್ರಮಟ್ಟದಲ್ಲಿ ಅದು ಮೊದಲ ಮತದಾನ. ರಾಜಧಾನಿಯಲ್ಲಿ ಗಲಭೆಯಿದ್ದುದರಿಂದ ರಾಷ್ಟ್ರಸಭೆ ವೈಮಾರ್ ಎಂಬ ಸಣ್ಣ ಪಟ್ಟಣದಲ್ಲಿ ಸೇರಿತು. ಅಲ್ಲಿ ರಚಿತವಾಗಿ ೧೯೧೯ರ ಆಗಸ್ಟ್ ೧೧ರಂದು ಅಧ್ಯಕ್ಷ ಎಬರ್ಟನ ಸಹಿ ಪಡೆದ ರಾಜ್ಯಾಂಗದಿಂದಲೇ ಈ ಗಣರಾಜ್ಯಕ್ಕೆ ವೈಮಾರ್ ಎಂಬ ಹೆಸರು ನಿಂತಿತು.

ಮುಂದಿನ ಹದಿನಾಲ್ಕು ವರ್ಷಗಳನ್ನು ಮೂರು ಭಾಗ ಮಾಡಿಕೊಳ್ಳುವುದು ರೂಢಿ. ೧೯೧೯ರಿಂದ ೧೯೨೩ರ ವರೆಗಿನದು ಸಂಕಟದ ಕಾಲ: ವರ್ಸೇಲ್ಸ್ ಒಪ್ಪಂದ, ೧೯೨೦ರ ಕಾಪ್‌ನ ದಂಗೆ, ೧೯೨೧ರಲ್ಲಿ ಎರ್ಟ್ಸ್‌ಬರ್ಗರ್ ಮತ್ತು ೧೯೨೨ರಲ್ಲಿ ವಿದೇಶಾಂಗ ಮಂತ್ರಿ ರಾಥೆನೌ ಇವರ ಕೊಲೆ, ೧೯೨೩ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರ್ ಪ್ರದೇಶವನ್ನು ಆಕ್ರಮಿಸಿದ್ದು, ಅದೇ ವರ್ಷದ ಮಹಾ ಹಣದುಬ್ಬರ, ನವೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ಹಿಟ್ಲರನ ವಿಫಲ ದಂಗೆ. ೧೯೨೪ರಿಂದ ೧೯೨೯ರ ವರೆಗಿನದು ಚೇತರಿಕೆಯ ಕಾಲ: ಹೊಸ ನಾಣ್ಯ, ಡಾಸ್ ಯೋಜನೆ, ೧೯೨೫ರ ಲೊಕಾರ್ನೊ ಒಪ್ಪಂದ, ೧೯೨೬ರಲ್ಲಿ ರಾಷ್ಟ್ರಸಂಘದ ಸದಸ್ಯತ್ವ, ಅದೇ ವರ್ಷ ವಿದೇಶಾಂಗ ಮಂತ್ರಿ ಸ್ಟ್ರೆಸೆಮನ್ನನಿಗೆ ಫ್ರಾನ್ಸಿನ ಬ್ರಿಯಾನನೊಡನೆ ನೊಬೆಲ್ ಶಾಂತಿ ಪಾರಿತೋಷಕ. ೧೯೩೦ರಿಂದ ೧೯೩೩ರ ವರೆಗಿನದು ವಿನಾಶದ ಕಾಲ. ಈ ಮೂರರ ನಡುವಣ ಗಡಿಗಳನ್ನು ವಿದ್ಯಾರ್ಥಿ ಮರೆತನೆಂದರೆ ಮುಂದಿನ ವಿಚಾರವೆಲ್ಲ ಕಲಸಿಹೋಗುವುದು.

೨. ರಾಜ್ಯಾಂಗದ ಮೂರು ವಿಧಿಗಳು

ವೈಮಾರ್ ರಾಜ್ಯಾಂಗವು ತನ್ನ ಕಾಲದ ಅತ್ಯಂತ ಉದಾರವಾದ ರಾಜ್ಯಾಂಗಗಳಲ್ಲಿ ಒಂದು. ರಾಜ್ಯಾಧಿಕಾರದ ಮೂಲ ಪ್ರಜೆಗಳೇ ಎಂದು ಅದರ ಮೊದಲನೆಯ ವಿಧಿ ಸಾರಿತು. ಕಾನೂನಿನ ಮುಂದೆ ಎಲ್ಲರ ಸಮಾನತೆ, ವಾಕ್‌ಸ್ವಾತಂತ್ರ್ಯ, ಸಂಘಸ್ವಾತಂತ್ರ್ಯಗಳು ಅದರಲ್ಲಿದ್ದುವು. ಪಕ್ಷವೊಂದು ದೇಶದಲ್ಲಿ ಗಳಿಸಿದ ಪ್ರತಿ ಅರುವತ್ತು ಸಾವಿರ ಮತಗಳಿಗೆ ಸಂಸತ್ತಿನಲ್ಲಿ ಒಂದು ಸ್ಥಾನವೆಂದು ಚುನಾವಣಾ ಕಾನೂನು ಗೊತ್ತುಪಡಿಸಿತು.

ಆದರೆ ವಿದ್ಯಾರ್ಥಿಗಳು ಒಟ್ಟಿಗಿಟ್ಟು ಓದಬೇಕಾದ ವಿಧಿಗಳು ಮೂರು. ಇಪ್ಪತ್ತೈದನೆಯದು ಅಧ್ಯಕ್ಷನಿಗೆ ಸಂಸತ್ತನ್ನು ವಿಸರ್ಜಿಸುವ ಅಧಿಕಾರ ಕೊಟ್ಟಿತು. ನಲವತ್ತೆಂಟನೆಯದು ಸಾರ್ವಜನಿಕ ಭದ್ರತೆಗೂ ಸುವ್ಯವಸ್ಥೆಗೂ ಭಂಗ ಬಂದಾಗ ಸುಗ್ರೀವಾಜ್ಞೆ ಹೊರಡಿಸಿ ಏಳು ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವ ಅಧಿಕಾರ ಕೊಟ್ಟಿತು. ಐವತ್ತಮೂರನೆಯದು ಚಾನ್ಸಲರನನ್ನು, ಅಂದರೆ ಪ್ರಧಾನಮಂತ್ರಿಯನ್ನು, ನೇಮಿಸುವ ಅಧಿಕಾರ ಕೊಟ್ಟಿತು. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಅಸಾಧಾರಣವಾದುದೇನೂ ಕಾಣದು. ಸುಗ್ರೀವಾಜ್ಞೆಯನ್ನು ರದ್ದುಮಾಡೆಂದು ಕೇಳುವ ಹಕ್ಕು ಸಂಸತ್ತಿಗೆ ಇದ್ದೇ ಇದ್ದಿತು. ಆದರೆ ಹಾಗೆ ಕೇಳಿದ ಸಂಸತ್ತನ್ನು ಇಪ್ಪತ್ತೈದನೆಯ ವಿಧಿಯಿಂದ ವಿಸರ್ಜಿಸಿಬಿಡಬಹುದಾಗಿತ್ತು! ಪದಗಳಿಗೆ ಪ್ರತ್ಯೇಕವಾಗಿ ಅರ್ಥ ಹೇಳಿದರೆ ಶ್ಲೋಕಾರ್ಥವಾಗುವುದಿಲ್ಲ, ಅನ್ವಯ ಮಾಡಿದಾಗಲೇ ತಾತ್ಪರ್ಯ ಹೊಳೆಯುವುದು. ರಾಜ್ಯಾಂಗಕ್ಕೂ ಇದೇ ನ್ಯಾಯ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಲವತ್ತೆಂಟನೆಯ ವಿಧಿಯೇ ಗಣರಾಜ್ಯವನ್ನು ಕೊಂದಿತೆಂದು ಹೇಳಿ ಮುಗಿಸುವುದು ಸುಲಭ. ಮೊದಲ ಅಧ್ಯಕ್ಷ ಎಬರ್ಟ್ ಅದೇ ವಿಧಿಯನ್ನು ನೂರಕ್ಕೂ ಹೆಚ್ಚು ಬಾರಿ ಬಳಸಿದನು. ದಂಗೆಗಳನ್ನು ಅಡಗಿಸಲೂ ೧೯೨೩ರ ಆರ್ಥಿಕ ಸಂಕಟವನ್ನು ದಾಟಲೂ ಅದು ಅವನಿಗೆ ಆಯುಧವಾಯಿತು. ಅವನ ಕಾಲದಲ್ಲಿ ಗಣರಾಜ್ಯ ಉಳಿಯಿತು. ೧೯೨೫ರಲ್ಲಿ ಆ ಸ್ಥಾನಕ್ಕೆ ಆಯ್ಕೆಯಾದ ಎಪ್ಪತ್ತೇಳರ ವೃದ್ಧ ಸೇನಾನಿ ಹಿಂಡೆನ್‌ಬರ್ಗ್ ಮನಸ್ಸಿನಲ್ಲಿ ರಾಜಪ್ರಭುತ್ವವಾದಿ. ಆಯುಧ ಅದೇ, ಹಿಡಿದ ಕೈ ಬೇರೆ.

೩. ಒಂದು ಸುಲಭ ಸೂತ್ರದ ಪರೀಕ್ಷೆ

'ವರ್ಸೇಲ್ಸ್ ಒಪ್ಪಂದದ ಅವಮಾನ ಮತ್ತು ಹಣದುಬ್ಬರದಿಂದ ಬೇಸತ್ತ ಜನರು ಹಿಟ್ಲರನನ್ನು ಅಧಿಕಾರಕ್ಕೆ ತಂದರು' ಎಂಬ ವಾಕ್ಯ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವಂಥದು. ಕೇಳಲು ಸಮಂಜಸವಾಗಿರುವ ಈ ಸೂತ್ರವನ್ನು ಅನ್ವಯ-ವ್ಯತಿರೇಕ ಪರೀಕ್ಷೆಗೆ ಒಡ್ಡೋಣ. ಒಂದಿದ್ದರೆ ಮತ್ತೊಂದು ಇರುವುದು ಅನ್ವಯ. ಒಂದಿಲ್ಲದಿದ್ದರೆ ಮತ್ತೊಂದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರೆ ಮಾತ್ರ ಕಾರಣಭಾವ ಸಿದ್ಧಿಸುವುದು.

ಯುದ್ಧಕ್ಕೆ ಮೊದಲು ಒಂದು ಡಾಲರಿಗೆ ೪.೨ ಮಾರ್ಕು. ೧೯೨೩ರ ನವೆಂಬರಿನಲ್ಲಿ ಒಂದು ಡಾಲರಿಗೆ ೪.೨ ಲಕ್ಷ ಕೋಟಿ ಮಾರ್ಕು. ಜನ್ಮಾಂತ್ಯ ಕೂಡಿಟ್ಟ ಉಳಿತಾಯ ಒಂದು ರೊಟ್ಟಿಗೂ ಸಾಲದಾಯಿತು. ಆ ತಿಂಗಳೇ ಹಿಟ್ಲರ್ ದಂಗೆಯೆದ್ದನು, ಒಂದೇ ದಿನದಲ್ಲಿ ಸೋತನು, ಸೆರೆಯಾದನು. ಹಣದುಬ್ಬರ ಪರಾಕಾಷ್ಠೆಗೆ ಏರಿದ್ದಾಗ ಅವನಿಗೆ ಅಧಿಕಾರ ಸಿಗಲಿಲ್ಲ, ಅನ್ವಯ ಕೆಟ್ಟಿತು. ಅವನು ಚಾನ್ಸಲರನಾದುದು ೧೯೩೩ರ ಜನವರಿಯಲ್ಲಿ. ಆಗ ಹಣದುಬ್ಬರವಿರಲಿಲ್ಲ. ಬೆಲೆಗಳು ಇಳಿದಿದ್ದುವು, ಸಂಬಳಗಳನ್ನು ಸರ್ಕಾರವೇ ಕಡಿತಮಾಡಿತ್ತು, ಅರುವತ್ತು ಲಕ್ಷ ಜನ ನಿರುದ್ಯೋಗಿಗಳಾಗಿದ್ದರು. ಹಣದುಬ್ಬರವಿಲ್ಲದಾಗಲೂ ಕಾರ್ಯ ಸಂಭವಿಸಿತು, ವ್ಯತಿರೇಕವೂ ಕೆಟ್ಟಿತು. ನಡುವೆ ಒಂಬತ್ತು ವರ್ಷಗಳು, ಅವುಗಳಲ್ಲಿ ಐದು ಚೇತರಿಕೆಯ ವರ್ಷಗಳು.

ಹಾಗಾದರೆ ನಿರುದ್ಯೋಗವೇ ಕಾರಣವೆನ್ನೋಣವೆ? ಅದೇ ವರ್ಷಗಳಲ್ಲಿ ಅಮೆರಿಕದಲ್ಲಿಯೂ ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬನಿಗೆ ಕೆಲಸವಿರಲಿಲ್ಲ. ಅಲ್ಲಿಯ ಜನ ಚುನಾವಣೆಯಲ್ಲಿ ರೂಸ್ವೆಲ್ಟ್ ಅವರನ್ನು ಆರಿಸಿದರು. ಪ್ರಜಾಪ್ರಭುತ್ವ ಉಳಿಯಿತು. ಬ್ರಿಟನ್ನಿನಲ್ಲಿಯೂ ಉಳಿಯಿತು. ಇನ್ನೂ ಒಂದು ಮಾತು. ಜರ್ಮನಿಯ ಮತದಾನದ ಅಂಕಿಅಂಶಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದ ಯುರ್ಗೆನ್ ಫಾಲ್ಟರ್ ಮೊದಲಾದವರು ತೋರಿಸಿರುವಂತೆ, ಕೆಲಸ ಕಳೆದುಕೊಂಡ ಕಾರ್ಮಿಕರು ನಾಜಿಗಳಿಗಿಂತ ಹೆಚ್ಚಾಗಿ ಕಮ್ಯೂನಿಸ್ಟರ ಕಡೆಗೆ ವಾಲಿದರು. ನಾಜಿ ಪಕ್ಷಕ್ಕೆ ಬಲ ಬಂದುದು ಪ್ರಾಟೆಸ್ಟಂಟ್ ಹಳ್ಳಿಗಳ ರೈತರಿಂದ, ಸಣ್ಣ ವ್ಯಾಪಾರಿಗಳಿಂದ, ಮಧ್ಯಮವರ್ಗದಿಂದ, ಜೊತೆಗೆ ಒಂದಷ್ಟು ಕಾರ್ಮಿಕರಿಂದಲೂ. ಕ್ಯಾಥೊಲಿಕ್ ಪ್ರದೇಶಗಳಲ್ಲಿ ಅದರ ಬೆಳೆ ತೆಳುವಾಗಿಯೇ ಇತ್ತು.

೪. ಮತಗಳು ಹೇಳುವ ಮಾತು

ಸಂಸತ್ತಿನ ಚುನಾವಣೆಗಳಲ್ಲಿ ನಾಜಿ ಪಕ್ಷ ಪಡೆದ ಮತಗಳನ್ನು ಕರಿಹಲಗೆಯ ಮೇಲೆ ಬರೆದಿಡಬೇಕು.

೧೯೨೮ ಮೇ: ಶೇಕಡಾ ೨.೬, ಸ್ಥಾನಗಳು ೧೨
೧೯೩೦ ಸೆಪ್ಟೆಂಬರ್: ಶೇಕಡಾ ೧೮.೩, ಸ್ಥಾನಗಳು ೧೦೭
೧೯೩೨ ಜುಲೈ: ಶೇಕಡಾ ೩೭.೩, ಸ್ಥಾನಗಳು ೨೩೦
೧೯೩೨ ನವೆಂಬರ್: ಶೇಕಡಾ ೩೩.೧, ಸ್ಥಾನಗಳು ೧೯೬
೧೯೩೩ ಮಾರ್ಚ್: ಶೇಕಡಾ ೪೩.೯, ಸ್ಥಾನಗಳು ೨೮೮

ಈ ಐದು ಸಾಲುಗಳು ಅನೇಕ ಪುಟಗಳ ವಿವರಣೆಗೆ ಸಮ. ವರ್ಸೇಲ್ಸ್ ಒಪ್ಪಂದವಾಗಿ ಒಂಬತ್ತು ವರ್ಷ, ಹಣದುಬ್ಬರ ಕಳೆದು ಐದು ವರ್ಷ ಆದಮೇಲೆ, ೧೯೨೮ರಲ್ಲಿ, ನೂರು ಮತದಾರರಲ್ಲಿ ಮೂವರೂ ಆ ಪಕ್ಷದ ಜೊತೆಗಿರಲಿಲ್ಲ. ಮಹಾಕುಸಿತದ ತರುವಾಯ ಅದು ದೈತ್ಯವಾಗಿ ಬೆಳೆಯಿತು. ಆದರೆ ೧೯೩೨ರ ನವೆಂಬರಿನಲ್ಲಿ, ಮುಕ್ತವಾಗಿ ನಡೆದ ಕಡೆಯ ಚುನಾವಣೆಯಲ್ಲಿ, ಸುಮಾರು ಇಪ್ಪತ್ತು ಲಕ್ಷ ಮತಗಳನ್ನು ಕಳೆದುಕೊಂಡಿತು. ಅದೇ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟರ ೧೨೧ ಹಾಗೂ ಕಮ್ಯೂನಿಸ್ಟರ ೧೦೦ ಸ್ಥಾನಗಳು ಸೇರಿದರೆ ನಾಜಿಗಳಿಗಿಂತ ಹೆಚ್ಚಾಗುತ್ತಿದ್ದುವು. ಆದರೆ ಅವರು ಒಬ್ಬರನ್ನೊಬ್ಬರು ಶತ್ರುಗಳೆಂದು ಬಗೆದಿದ್ದರು. ಕಡೆಯ ಸಾಲಿನ ಚುನಾವಣೆ ಹಿಟ್ಲರ್ ಅಧಿಕಾರಕ್ಕೆ ಬಂದಮೇಲೆ, ಪ್ರತಿಪಕ್ಷದವರು ಸೆರೆಮನೆಗಳಲ್ಲಿರುವಾಗ ನಡೆದುದು. ಆಗಲೂ ಅವನ ಪಕ್ಷಕ್ಕೆ ಬಹುಮತ ಬರಲಿಲ್ಲ.

ಆದ್ದರಿಂದ 'ಜನರು ಹಿಟ್ಲರನನ್ನು ಅಧಿಕಾರಕ್ಕೆ ತಂದರು' ಎಂಬ ವಾಕ್ಯದ ಕರ್ತೃಪದವನ್ನು ತಿದ್ದಬೇಕಾಗುತ್ತದೆ. ಜನರಲ್ಲಿ ಮೂರರಲ್ಲೊಂದು ಪಾಲು ಅವನ ಪಕ್ಷವನ್ನು ದೊಡ್ಡದು ಮಾಡಿತು. ಅಧಿಕಾರದ ಪೀಠದಲ್ಲಿ ಕೂರಿಸಿದವರು ಬೇರೆ.

೫. ಮಣ್ಣು, ಚಕ್ರ, ಕುಂಬಾರ

ನಮ್ಮ ಶಾಸ್ತ್ರಕಾರರು ಕಾರಣವನ್ನು ಉಪಾದಾನ, ಸಹಕಾರಿ, ನಿಮಿತ್ತವೆಂದು ವಿಂಗಡಿಸಿದ್ದಾರೆ. ಮಡಕೆಗೆ ಮಣ್ಣು ಉಪಾದಾನ, ಚಕ್ರ, ದಂಡಗಳು ಸಹಕಾರಿ, ಕುಂಬಾರನು ನಿಮಿತ್ತ. ಪಾಠಪುಸ್ತಕದ ಪಟ್ಟಿಗಳು ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದರಿಂದಲೇ ವಿದ್ಯಾರ್ಥಿಗೆ ಗೊಂದಲ.

ಗಣರಾಜ್ಯವನ್ನು ಮನಸಾ ಒಪ್ಪದ ಸಮಾಜವೇ ಇಲ್ಲಿ ಉಪಾದಾನ. ಚಕ್ರವರ್ತಿ ಹೋದನು, ಅವನ ನ್ಯಾಯಾಧೀಶರು, ಅಧಿಕಾರಿಗಳು, ಸೇನಾಪತಿಗಳು ಉಳಿದರು. ಗುಂಬೆಲ್ ಎಂಬ ಗಣಿತಜ್ಞನು ೧೯೨೨ರಲ್ಲಿ ರಾಜಕೀಯ ಕೊಲೆಗಳ ಲೆಕ್ಕ ಪ್ರಕಟಿಸಿದನು. ಬಲಪಂಥೀಯರು ಮಾಡಿದ ಕೊಲೆಗಳು ೩೫೪, ಎಡಪಂಥೀಯರು ಮಾಡಿದುವು ೨೨. ಮೊದಲಿನವುಗಳಲ್ಲಿ ಬಹುಪಾಲಿಗೆ ಶಿಕ್ಷೆಯೇ ಆಗಿರಲಿಲ್ಲ. ದಂಗೆಯೆದ್ದ ಹಿಟ್ಲರನಿಗೆ ಐದು ವರ್ಷ ಶಿಕ್ಷೆ ವಿಧಿಸಿದರೂ ತೀರ್ಪಿನ ತರುವಾಯ ಒಂಬತ್ತು ತಿಂಗಳೊಳಗೆ, ೧೯೨೪ರ ಡಿಸೆಂಬರಿನಲ್ಲಿ, ಬಿಡುಗಡೆಯಾಯಿತು. ವರ್ಸೇಲ್ಸಿನ ನೋವು, ೧೩,೨೦೦ ಕೋಟಿ ಚಿನ್ನದ ಮಾರ್ಕುಗಳ ಯುದ್ಧಪರಿಹಾರದ ಹೊರೆ, ಹಣದುಬ್ಬರದಲ್ಲಿ ಕರಗಿದ ಉಳಿತಾಯದ ನೆನಪು, ಇವೆಲ್ಲ ಈ ಮಣ್ಣನ್ನು ಹದಗೊಳಿಸಿದುವು. ಹಣದುಬ್ಬರಕ್ಕೆ ಸಲ್ಲಬೇಕಾದ ಸ್ಥಾನ ಇದು: ಅದು ನಂಬಿಕೆಯನ್ನು ಸವೆಸಿತು, ಆದರೆ ಸರ್ವಾಧಿಕಾರವನ್ನು ಹುಟ್ಟಿಸಲಿಲ್ಲ.

೧೯೨೯ರ ಅನಂತರದ ಮಹಾಕುಸಿತ, ರಾಜ್ಯಾಂಗದ ಮೂರು ವಿಧಿಗಳು, ಛಿದ್ರವಾದ ಪಕ್ಷವ್ಯವಸ್ಥೆ, ಇವು ಸಹಕಾರಿಗಳು.

ಇನ್ನು ನಿಮಿತ್ತ. ೧೯೩೦ರ ಮಾರ್ಚಿನಲ್ಲಿ ನಿರುದ್ಯೋಗ ವಿಮೆಯ ವಂತಿಗೆಯನ್ನು ಅಲ್ಪಸ್ವಲ್ಪ ಏರಿಸುವ ವಿಚಾರದಲ್ಲಿ ಮಿತ್ರಪಕ್ಷಗಳು ಮುರಿದುಕೊಂಡು, ಸಂಸತ್ತಿನ ಬಹುಮತವಿದ್ದ ಕಡೆಯ ಸರ್ಕಾರ ಉರುಳಿತು. ತರುವಾಯ ಚಾನ್ಸಲರನಾದ ಬ್ರೂನಿಂಗ್ ತನ್ನ ಸುಗ್ರೀವಾಜ್ಞೆಯನ್ನು ಸಂಸತ್ತು ತಿರಸ್ಕರಿಸಿದಾಗ ಸಂಸತ್ತನ್ನೇ ವಿಸರ್ಜಿಸುವಂತೆ ಮಾಡಿದನು. ಆ ಅಕಾಲ ಚುನಾವಣೆಯಲ್ಲಿಯೇ ನಾಜಿ ಸ್ಥಾನಗಳು ೧೨ರಿಂದ ೧೦೭ಕ್ಕೆ ಏರಿದುವು. ಮುಂದೆ ೧೯೩೨ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನುಗಳು ಐದೇ ಐದು. ಸುಗ್ರೀವಾಜ್ಞೆಗಳು ಅರುವತ್ತರ ಆಸುಪಾಸು. ಹೀಗೆ ಹಿಟ್ಲರ್ ಬರುವ ಮೊದಲೇ ಸಂಸತ್ತು ನಾಮಮಾತ್ರವಾಗಿತ್ತು. ೧೯೩೨ರ ಜುಲೈ ೨೦ರಂದು ಚಾನ್ಸಲರ್ ಪಾಪೆನ್, ಗಣರಾಜ್ಯದ ಕೋಟೆಯಂತಿದ್ದ ಪ್ರಷ್ಯಾ ಪ್ರಾಂತದ ಸರ್ಕಾರವನ್ನು ಸುಗ್ರೀವಾಜ್ಞೆಯಿಂದಲೇ ವಜಾ ಮಾಡಿದನು. ಮುಂದೆ ತಾನೇ ಪದಚ್ಯುತನಾದ ಪಾಪೆನ್, ತನ್ನ ಸ್ಥಾನಕ್ಕೆ ಬಂದ ಶ್ಲೈಖರನನ್ನು ಉರುಳಿಸಲೆಂದು ೧೯೩೩ರ ಜನವರಿ ೪ರಂದು ಕಲೋನ್ ನಗರದ ಬ್ಯಾಂಕರನೊಬ್ಬನ ಮನೆಯಲ್ಲಿ ಹಿಟ್ಲರನನ್ನು ಕಂಡನು. ಮಂತ್ರಿಮಂಡಲದಲ್ಲಿ ಹಿಟ್ಲರನನ್ನು ಬಿಟ್ಟರೆ ನಾಜಿಗಳು ಇಬ್ಬರೇ ಇರುವರು, ಸುತ್ತ ನಮ್ಮವರಿದ್ದು ಅವನನ್ನು ಹಿಡಿತದಲ್ಲಿಡುವೆವು ಎಂದು ಅವನೂ ಅವನ ಜೊತೆಗಾರರೂ ಎಣಿಸಿದರು. ಹಿಂಡೆನ್‌ಬರ್ಗ್ ಒಪ್ಪಿದನು. ಜನವರಿ ೩೦ರಂದು ನೇಮಕವಾಯಿತು.

ಹದಮಾಡಿದ ಮಣ್ಣು ತಾನಾಗಿ ಮಡಕೆಯಾಗದು. ೧೯೩೦ರಿಂದ ೧೯೩೩ರ ವರೆಗೆ ಪ್ರತಿಯೊಂದು ಮೆಟ್ಟಿಲಲ್ಲಿಯೂ ಬೇರೆ ದಾರಿ ಇತ್ತು, ಅದನ್ನು ಬಿಟ್ಟು ಇದನ್ನು ಹಿಡಿದ ಮನುಷ್ಯರಿದ್ದರು. ಈ ಪಾಠದ ಸಾರವೆಲ್ಲ ಇದರಲ್ಲಿದೆ. ಇತಿಹಾಸಕಾರರಲ್ಲಿ ಇದರ ಬಗೆಗೆ ಭಿನ್ನಮತವಿಲ್ಲದೆ ಇಲ್ಲ. ಕಾರ್ಲ್ ಡೀಟ್ರಿಷ್ ಬ್ರಾಖರ್ ೧೯೫೫ರಲ್ಲಿ ಬರೆದ ಗ್ರಂಥದಲ್ಲಿ ಬ್ರೂನಿಂಗ್ ಕಾಲದಲ್ಲಿಯೇ ಪ್ರಜಾಪ್ರಭುತ್ವದ ವಿಘಟನೆ ಆರಂಭವಾಯಿತೆಂದನು. ಕ್ನೂಟ್ ಬೋರ್ಖಾರ್ಟ್ ಎಂಬ ಅರ್ಥಶಾಸ್ತ್ರ ಇತಿಹಾಸಕಾರ ೧೯೭೯ರಲ್ಲಿ ಬ್ರೂನಿಂಗನಿಗೆ ಆರ್ಥಿಕವಾಗಿ ಬೇರೆ ದಾರಿಯೇ ಇರಲಿಲ್ಲವೆಂದು ವಾದಿಸಿ ದೊಡ್ಡ ಚರ್ಚೆ ಎಬ್ಬಿಸಿದನು. ಇವನ್ನು ಪೂರ್ವಪಕ್ಷ, ಸಿದ್ಧಾಂತಗಳಾಗಿ ಇಟ್ಟು ವಿದ್ಯಾರ್ಥಿಗಳಿಂದಲೇ ವಾದ ಮಾಡಿಸಬೇಕು. ಆರ್ಥಿಕ ನೀತಿಯಲ್ಲಿ ದಾರಿ ಕಿರಿದಾಗಿತ್ತೆಂದು ಒಪ್ಪಿದರೂ ೧೯೩೩ರ ಜನವರಿಯ ನೇಮಕ ಅನಿವಾರ್ಯವಾಗಿತ್ತೆಂದು ಅದರಿಂದ ಸಿದ್ಧಿಸುವುದಿಲ್ಲ.

೬. ಶಬ್ದಗಳ ಪಾಡು

ಇನ್ನು ನನ್ನ ಕ್ಷೇತ್ರವಾದ ಭಾಷೆಗೆ ಬರುತ್ತೇನೆ. ೧೯೧೯ರ ನವೆಂಬರಿನಲ್ಲಿ ಹಿಂಡೆನ್‌ಬರ್ಗ್ ವಿಚಾರಣಾ ಸಮಿತಿಯ ಮುಂದೆ, ಜರ್ಮನ್ ಸೇನೆಗೆ ಬೆನ್ನ ಹಿಂದಿನಿಂದ ಇರಿಯಲಾಯಿತೆಂಬ ಅರ್ಥದ ಮಾತನ್ನಾಡಿದನು. ಯುದ್ಧ ಸೋತಿದೆ, ವಿರಾಮ ಬೇಕು ಎಂದು ೧೯೧೮ರ ಸೆಪ್ಟೆಂಬರ್ ಕಡೆಯಲ್ಲಿ ಸರ್ಕಾರವನ್ನು ಒತ್ತಾಯಿಸಿದವರು ಅವನೂ ಲ್ಯೂಡೆನ್‌ಡಾರ್ಫನೂ ಆಗಿದ್ದರು. ಆದರೂ 'ಬೆನ್ನಿಗೆ ಇರಿತ' ಎಂಬ ಒಂದು ರೂಪಕ ಸತ್ಯವನ್ನು ಮೀರಿ ಬೆಳೆಯಿತು. ವಿರಾಮಕ್ಕೆ ಸಹಿ ಹಾಕಿದ ಎರ್ಟ್ಸ್‌ಬರ್ಗರ್ 'ನವೆಂಬರ್ ದ್ರೋಹಿ' ಎನಿಸಿಕೊಂಡು ಗುಂಡಿಗೆ ಬಲಿಯಾದನು. ರೂಪಕ ಕಾವ್ಯದಲ್ಲಿ ಅಲಂಕಾರ. ರಾಜಕಾರಣದಲ್ಲಿ ಅದು ಆಯುಧವಾಗಬಲ್ಲುದು.

೧೯೩೩ರ ಕಾನೂನುಗಳ ಹೆಸರುಗಳನ್ನು ನೋಡಿರಿ. ಫೆಬ್ರವರಿ ೨೭ರ ರಾತ್ರಿ ಸಂಸದ್ಭವನ ಉರಿಯಿತು. ಮರುದಿನವೇ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಆಜ್ಞೆ ಹೊರಟಿತು. ಅದರ ಹೆಸರು 'ಜನತೆ ಮತ್ತು ರಾಜ್ಯದ ರಕ್ಷಣೆ'. ಮಾರ್ಚ್ ೨೩ರಂದು ಸಂಸತ್ತಿನ ಶಾಸನಾಧಿಕಾರವನ್ನು ಮಂತ್ರಿಮಂಡಲಕ್ಕೆ ಒಪ್ಪಿಸಿದ ಕಾನೂನಿನ ಹೆಸರು 'ಜನತೆ ಮತ್ತು ರಾಷ್ಟ್ರದ ಸಂಕಷ್ಟ ನಿವಾರಣೆ'. ಏಪ್ರಿಲ್ ೭ರಂದು ಯೆಹೂದ್ಯರನ್ನೂ ವಿರೋಧಿಗಳನ್ನೂ ಸರ್ಕಾರಿ ನೌಕರಿಯಿಂದ ಹೊರದೂಡಿದ ಕಾನೂನಿನ ಹೆಸರು 'ವೃತ್ತಿನಿಷ್ಠ ಸರ್ಕಾರಿ ಸೇವೆಯ ಪುನಃಸ್ಥಾಪನೆ'. ರಕ್ಷಣೆ, ನಿವಾರಣೆ, ಪುನಃಸ್ಥಾಪನೆ ಎಂಬ ಮೂರೂ ಶುಭಶಬ್ದಗಳೇ! ಹೆಸರಿಗೂ ಕೆಲಸಕ್ಕೂ ನಡುವೆ ಇರುವ ದೂರವನ್ನು ಅಳೆಯುವುದು ವಿದ್ಯಾರ್ಥಿಯ ಮೊದಲ ಅಭ್ಯಾಸವಾಗಬೇಕು. ನುಡಿಯೊಡನೆ ನಡೆಯನ್ನು ಹೋಲಿಸಿ ನೋಡುವ ಶರಣಪರಂಪರೆಯಲ್ಲಿ ಬೆಳೆದ ಮಕ್ಕಳಿಗೆ ಈ ಅಳತೆಗೋಲು ಹೊಸದಾಗಲಾರದು.

ಡ್ರೆಸ್ಡೆನ್ನಿನಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಕ್ಟರ್ ಕ್ಲೆಂಪರರನನ್ನು ಯೆಹೂದ್ಯ ಮೂಲದವನೆಂಬ ಕಾರಣಕ್ಕೆ ೧೯೩೫ರಲ್ಲಿ ಕೆಲಸದಿಂದ ತೆಗೆದರು. ಪುಸ್ತಕಭಂಡಾರಗಳ ಬಾಗಿಲು ಮುಚ್ಚಿದರು. ಅವನು ಗುಟ್ಟಾಗಿ ದಿನಚರಿ ಬರೆಯುತ್ತ, ನಾಜಿಗಳು ಜರ್ಮನ್ ಭಾಷೆಯನ್ನು ಹೇಗೆ ಕೆಡಿಸಿದರೆಂಬುದನ್ನು ದಾಖಲಿಸಿದನು. ಮತಾಂಧನೆಂಬ ಅರ್ಥದ ನಿಂದಾಪದವೊಂದು ಹೇಗೆ ಹೊಗಳಿಕೆಯ ಪದವಾಯಿತೆಂಬುದು ಅವನ ಮುಖ್ಯ ಉದಾಹರಣೆಗಳಲ್ಲೊಂದು. ಆ ಅಧ್ಯಯನ ೧೯೪೭ರಲ್ಲಿ ಅಚ್ಚಾಯಿತು. ಭಾಷೆಯನ್ನು ಕಾಯುವ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಭಾಷಾಧ್ಯಾಪಕರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾರ್ಚ್ ೨೩ರ ಮತದಾನವನ್ನೂ ಇಲ್ಲಿಯೇ ಹೇಳಬೇಕು. ಒಪೆರಾ ಭವನವೊಂದರಲ್ಲಿ ಸೇರಿದ ಸಭೆಯನ್ನು ನಾಜಿ ಪಡೆಗಳು ಸುತ್ತುವರಿದಿದ್ದುವು. ಕಮ್ಯೂನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು, ಇಲ್ಲವೆ ತಲೆಮರೆಸಿಕೊಂಡಿದ್ದರು. ಸೋಷಿಯಲ್ ಡೆಮಾಕ್ರಟರ ಪರವಾಗಿ ಓಟ್ಟೊ ವೆಲ್ಸ್ ಎದ್ದು ನಿಂತು ವಿರೋಧಿಸಿ ಮಾತನಾಡಿದನು. ಪರವಾಗಿ ೪೪೪, ವಿರುದ್ಧವಾಗಿ ೯೪. ಆ ತೊಂಬತ್ತನಾಲ್ಕೂ ಅವನ ಪಕ್ಷದವರದೇ. ಕ್ಯಾಥೊಲಿಕರ ಸೆಂಟರ್ ಪಕ್ಷವೂ ಪರವಾಗಿಯೇ ಮತ ಕೊಟ್ಟಿತು. ಮುಂದಿನ ಕಥೆ ಎಲ್ಲರಿಗೂ ತಿಳಿದುದೇ: ಜುಲೈ ೧೪ರ ಹೊತ್ತಿಗೆ ಒಂದೇ ಪಕ್ಷ, ೧೯೩೫ರಲ್ಲಿ ನ್ಯೂರೆಂಬರ್ಗ್ ಕಾನೂನುಗಳು, ೧೯೩೮ರ ನವೆಂಬರಿನಲ್ಲಿ ಯೆಹೂದ್ಯರ ಮಂದಿರಗಳ ದಹನ, ೧೯೩೯ರ ಸೆಪ್ಟೆಂಬರ್ ೧ರಂದು ಯುದ್ಧ, ಕಡೆಗೆ ಯೂರೋಪಿನಾದ್ಯಂತ ಅರುವತ್ತು ಲಕ್ಷ ಯೆಹೂದ್ಯರ ಹತ್ಯೆ. ೧೯೩೩ರಲ್ಲಿ ಜರ್ಮನಿಯ ಜನಸಂಖ್ಯೆಯಲ್ಲಿ ಅವರು ಶೇಕಡಾ ಒಂದರಷ್ಟೂ ಇರಲಿಲ್ಲ. ವೈಮಾರ್ ರಾಜ್ಯಾಂಗವನ್ನು ಈ ಅವಧಿಯಲ್ಲಿ ಯಾರೂ ವಿಧಿವತ್ತಾಗಿ ರದ್ದುಪಡಿಸಲೇ ಇಲ್ಲವೆಂಬುದು ನೆನಪಿಡಬೇಕಾದ ಸಂಗತಿ. ಅಕ್ಷರ ಉಳಿದಿತ್ತು, ಪ್ರಾಣ ಹೋಗಿತ್ತು.

೭. ನಮ್ಮ ರಾಜ್ಯಾಂಗದೊಡನೆ ನಂಟು

ದೂರದೇಶದ ಈ ಕಥೆ ನಮ್ಮ ಸಂವಿಧಾನಸಭೆಯಲ್ಲಿಯೂ ಮಾತಿಗೆ ಬಂದಿತ್ತು. ೧೯೪೯ರ ಆಗಸ್ಟ್ ತಿಂಗಳಲ್ಲಿ ತುರ್ತುಪರಿಸ್ಥಿತಿಯ ವಿಧಿಗಳ ಚರ್ಚೆ ನಡೆದಾಗ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ಅವರು ಈ ವಿಧಿಗಳಿಗೆ ಹತ್ತಿರದ ಹೋಲಿಕೆಯೆಂದರೆ ವೈಮಾರ್ ರಾಜ್ಯಾಂಗವೇ ಎಂದು ಎಚ್ಚರಿಸಿದರು. ಅಂದು ವಿಧಿಗಳು ಅಂಗೀಕೃತವಾದುವು. ೧೯೭೫ರ ಜೂನ್ ೨೫ರಂದು 'ಆಂತರಿಕ ಕ್ಷೋಭೆ' ಎಂಬ ಆಧಾರದ ಮೇಲೆ ತುರ್ತುಪರಿಸ್ಥಿತಿ ಘೋಷಿತವಾಗಿ ೧೯೭೭ರ ಮಾರ್ಚ್ ೨೧ರ ವರೆಗೆ ಇದ್ದಿತು. ೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿ ಆ ಪದಗಳನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂಬ ಪದಗಳನ್ನು ಇರಿಸಿತು. ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿರಬೇಕೆಂದಿತು. ಇಪ್ಪತ್ತು ಮತ್ತು ಇಪ್ಪತ್ತೊಂದನೆಯ ವಿಧಿಗಳ ಹಕ್ಕುಗಳನ್ನು ಯಾವ ತುರ್ತಿನಲ್ಲಿಯೂ ಅಮಾನತಿನಲ್ಲಿಡಬಾರದೆಂದಿತು. ಒಂದು ಸಡಿಲ ಪದಕ್ಕೂ ಒಂದು ಬಿಗಿ ಪದಕ್ಕೂ ಇರುವ ವ್ಯತ್ಯಾಸದಲ್ಲಿ ಪ್ರಜೆಯ ಸ್ವಾತಂತ್ರ್ಯವೇ ಅಡಗಿರಬಹುದು!

ಜರ್ಮನರೂ ಪಾಠ ಕಲಿತರು. ೧೯೪೯ರ ಅವರ ಮೂಲಭೂತ ಕಾನೂನಿನಲ್ಲಿ ಅಧ್ಯಕ್ಷನ ಅಧಿಕಾರ ಮೊಟಕಾಯಿತು. ಹೊಸ ಚಾನ್ಸಲರನನ್ನು ಆರಿಸದೆ ಹಳಬನನ್ನು ಸಂಸತ್ತು ಇಳಿಸುವಂತಿಲ್ಲ. ಮಾನವ ಘನತೆಯ ತತ್ತ್ವವನ್ನು ಯಾವ ತಿದ್ದುಪಡಿಯೂ ಮುಟ್ಟುವಂತಿಲ್ಲ.

೮. ಪಾಠದ ಕ್ರಮ

ಅಧ್ಯಾಪಕ ಬಂಧುಗಳಿಗೆ ನಾಲ್ಕು ಅಭ್ಯಾಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ವಿದ್ಯಾರ್ಥಿಗಳಿಗೆ ೧೯೨೮ರ ವರೆಗಿನ ಸಂಗತಿಗಳನ್ನು ಮಾತ್ರ ಹೇಳಿ, ಮುಂದೇನಾಗಬಹುದೆಂದು ಕಾರಣಸಹಿತ ಬರೆಯಿಸುವುದು. ಬಹುಮಂದಿ ಗಣರಾಜ್ಯ ಉಳಿಯುವುದೆಂದು ಬರೆದರೆ ಆಶ್ಚರ್ಯವಿಲ್ಲ. ಅನಿವಾರ್ಯತೆಯ ಭ್ರಮೆ ಆಗ ತಾನಾಗಿ ಹರಿಯುವುದು. ಎರಡನೆಯದು, ಪಾಠಪುಸ್ತಕದ ಕಾರಣಗಳ ಪಟ್ಟಿಯನ್ನು ಉಪಾದಾನ, ಸಹಕಾರಿ, ನಿಮಿತ್ತಗಳಾಗಿ ವಿಂಗಡಿಸಿ ಸಮರ್ಥಿಸುವುದು. ಮೂರನೆಯದು, ಕಾನೂನಿನ ಹೆಸರು ಒಂದು ಕಡೆ, ಅದರ ಫಲ ಇನ್ನೊಂದು ಕಡೆ ಬರೆದಿಡುವ ಶಬ್ದಪುಸ್ತಕ.

ನಾಲ್ಕನೆಯದು ಹೋಲಿಕೆಯ ಶಿಸ್ತು. ಇಂದು ತಮಗೆ ಆಗದವರನ್ನೆಲ್ಲ ಹಿಟ್ಲರನಿಗೆ ಹೋಲಿಸುವ ಚಾಳಿ ಎಲ್ಲ ಕಡೆಗಳಲ್ಲಿಯೂ ಕಾಣುತ್ತದೆ. ಉಪಮಾನ, ಉಪಮೇಯಗಳಿದ್ದರೆ ಉಪಮೆಯಾಗದು, ಸಾಧಾರಣ ಧರ್ಮ ಯಾವುದೆಂದು ಹೇಳಬೇಕು. ಯಾವ ಅಂಶದಲ್ಲಿ ಸಾಮ್ಯ, ಯಾವ ಅಂಶದಲ್ಲಿ ಭೇದ ಎಂದು ನಿರ್ದಿಷ್ಟವಾಗಿ ಹೇಳಲಾರದವನು ಹೋಲಿಕೆಯ ಗೋಜಿಗೆ ಹೋಗಬಾರದು. ಎಲ್ಲವನ್ನೂ ವೈಮಾರ್ ಎನ್ನುವವನು ನಿಜವಾದ ಅಪಾಯ ಬಂದಾಗ ಹೇಳಲು ಶಬ್ದವಿಲ್ಲದೆ ನಿಲ್ಲುವನು.

ಈ ಪಾಠಕ್ಕೆ ಬೇಕಾದ ಸಾಮಗ್ರಿ ಹೆಚ್ಚಿನದೇನಲ್ಲ. ಯೂರೋಪಿನ ೧೯೧೪ರ ಮತ್ತು ೧೯೧೯ರ ಎರಡು ಭೂಪಟಗಳು, ನಮ್ಮ ಸಂವಿಧಾನದ ಕನ್ನಡ ಪ್ರತಿಗಳು, ಇತಿಹಾಸದ ಹತ್ತಾರು ಒಳ್ಳೆಯ ಗ್ರಂಥಗಳು, ಅವಸರವಿಲ್ಲದ ಹತ್ತು ಪಾಠದ ಅವಧಿಗಳು. ಅನ್ನದಾಸೋಹದಷ್ಟೇ ಶ್ರದ್ಧೆಯಿಂದ ಜ್ಞಾನದಾಸೋಹವನ್ನು ನಡೆಸಿಕೊಂಡು ಬಂದಿರುವ ಮಠಗಳಿಗೂ ಅವುಗಳಿಗೆ ಹೆಗಲು ಕೊಟ್ಟ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದು ಭಾರವಾಗಲಾರದು.

ಇತಿಹಾಸವನ್ನು ವಿಧಿಲಿಖಿತವೆಂದು ಓದಿದವನು ಕೈಕಟ್ಟಿ ಕೂರುತ್ತಾನೆ. ಒಬ್ಬ ದುಷ್ಟನ ಕಥೆಯೆಂದು ಓದಿದವನು, ಅಂಥವನು ನಮ್ಮಲ್ಲಿಲ್ಲವೆಂದು ನಿಶ್ಚಿಂತನಾಗುತ್ತಾನೆ. ವೈಮಾರ್ ಗಣರಾಜ್ಯದ ಹದಿನಾಲ್ಕು ವರ್ಷಗಳು ಈ ಎರಡು ಓದುಗಳನ್ನೂ ಒಪ್ಪುವುದಿಲ್ಲ. ಒಂದು ವಂತಿಗೆಯ ಜಗಳ, ಒಂದು ವಿಸರ್ಜನೆ, ಒಂದು ಒಳಸಂಚು, ಒಂದು ಸಹಿ, ಒಂದು ಮತದಾನ, ಹೀಗೆ ಮನುಷ್ಯರು ಆರಿಸಿಕೊಂಡ ಹೆಜ್ಜೆಗಳಿಂದ ಅದು ಬಿದ್ದಿತು. ಆ ಹೆಜ್ಜೆಗಳನ್ನು ಒಂದೊಂದಾಗಿ ಎಣಿಸಿ, ಪ್ರತಿ ಹೆಜ್ಜೆಯ ಬಳಿ ನಿಂತು 'ಇಲ್ಲಿ ಬೇರೇನು ಮಾಡಬಹುದಾಗಿತ್ತು?' ಎಂದು ಕೇಳಬಲ್ಲ ವಿದ್ಯಾರ್ಥಿ ನಮ್ಮ ಶಾಲೆಗಳಿಂದ ಹೊರಬಂದರೆ, ಇತಿಹಾಸದ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.